ಕವಲು ಕಣಿವೆಯ ವಿಮಾನಗಳು

ಜೂನ್ 9

ಚಿ. ಸೌ. ಸೊಸೆಗೆ ಮಾವನ ಆಶೀರ್ವಾದಗಳು.

ನಾನು ಬಂದು ಮುಟ್ಟಿದೆ. ಈ ಒಂದು ಸಾಲನ್ನು ಮೊದಲು ನಿನ್ನ ಅತ್ತೆಗೆ ಓದಿ ಹೇಳಿ ಆಮೇಲೆ ಮುಂದಕ್ಕೆ ಹೋಗು. ಇಲ್ಲದಿದ್ದರೆ "ಮುಟ್ಟಿದ್ರಂತಾ, ಮುಟ್ಟಿದ್ರಂತಾ" ಎಂದು ನಿನ್ನ ತಲೆ ತಿನ್ನುತ್ತಾಳೆ.

ಬಸ್ಸು ಎರಡು ಕಡೆ ಕೆಟ್ಟು ನಿಂತಿತು. ಜೀವಮಾನವೆಲ್ಲ ಕಂಡಕ್ಟರ್ ಆಗಿದ್ದವನಿಗೆ ಸೀಟಿನಲ್ಲಿ ಸುಮ್ಮನೆ ಕೂತು ಹೋಗುವುದೇ ಒಂದು ಶಿಕ್ಷೆ. ಒಂದು ತಿರುವಿನಲ್ಲಿ ನನಗರಿವಿಲ್ಲದೆ "ಒಳಗೆ ಸರೀರಿ, ಒಳಗೆ ಸರೀರಿ" ಎಂದುಬಿಟ್ಟೆ. ಒಳಗಿದ್ದವರೇ ನಾಲ್ಕು ಜನ. ನಾಲ್ವರೂ ತಿರುಗಿ ನೋಡಿದರು.

ಕ್ಯಾಂಪಿನ ಅಧಿಕಾರಿ ಒಳ್ಳೆಯವನೇ. ಕುರ್ಚಿ ಕೊಟ್ಟ. ಗೋಡೆಯ ಮೇಲಿನ ನಕ್ಷೆಯ ಹತ್ತಿರ ಕರೆದುಕೊಂಡು ಹೋಗಿ ತೋರಿಸಿದ. ಬಯಲಿನಿಂದ ಏರುವ ವಿಮಾನಗಳು ನದಿಯನ್ನು ನೋಡಿಕೊಂಡು ಮೇಲೆ ಬರುತ್ತವಂತೆ. ಒಂದು ಕಡೆ ಕಣಿವೆ ಎರಡಾಗಿ ಕವಲೊಡೆಯುತ್ತದೆ. ಮೇಲಿನಿಂದ ನೋಡಿದರೆ ಎರಡೂ ಅವಳಿಜವಳಿ. ಎಡಗಡೆಯದು ನಮ್ಮ ಹುಡುಗ ಪ್ಯಾರಾಶೂಟಿನಲ್ಲಿ ಊಟದ ಸಾಮಾನು ಇಳಿಸುತ್ತಿದ್ದ ಗಡಿ ಠಾಣೆಗಳಿಗೆ ಹೋಗುತ್ತದೆ. ಬಲಗಡೆಯದು ಹೋಗುತ್ತಾ ಹೋಗುತ್ತಾ ಕಿರಿದಾಗಿ, ಕೊನೆಗೆ ಎದುರಿಗೆ ಕಲ್ಲಿನ ಗೋಡೆ. ಮೋಡ ಕವಿದಾಗ ಬಲಕ್ಕೆ ಹೊಕ್ಕ ವಿಮಾನಕ್ಕೆ ತಿರುಗಿಸಿಕೊಳ್ಳಲು ಜಾಗ ಇರುವುದಿಲ್ಲ. ರಿವರ್ಸ್ ಗೇರ್ ಇಲ್ಲದ ಗಾಡಿ, ಇನ್ನೇನು ಮಾಡೀತು.

"ಯಜಮಾನ್ರೇ, ಮೂರು ವಾರ ಹುಡುಕಿದ್ವಿ. ನಿಮ್ಮ ಮಗಾನೂ ಸೇರಿ ಆ ಎಂಟು ಜನಾನೂ ನಮ್ಮ ಜೊತೆ ಊಟ ಮಾಡ್ದೋರು. ನಮಗೇನೂ ಸಂಕಟ ಇಲ್ಲ ಅಂದ್ಕೋಬೇಡಿ. ಆದ್ರೆ ಫೆಬ್ರವರಿ ಹಿಮದಲ್ಲಿ ಬಿದ್ದದ್ದು ಸಿಗೋದು ಅಂದ್ರೆ..." ಎಂದು ಅಲ್ಲಿಗೇ ನಿಲ್ಲಿಸಿದ.

ನಾನು, "ಹುಡುಕೋದು ನಿಲ್ಲಿಸಿದ್ದು ನೀವು ಸಾರ್, ನಾನಲ್ಲ" ಎಂದೆ. ಆಮೇಲೆ ಅವನೇ, ಇಲ್ಲಿನವನೇ ಒಬ್ಬ ದಾರಿ ತೋರಿಸುವವನ ಗುರುತು ಹೇಳಿ ಕಳಿಸಿದ. ಕಾಲು ಉದ್ದ, ಕತ್ತು ಉದ್ದ. ಊರವರೆಲ್ಲ ಅವನನ್ನು ಕೊಕ್ಕರೆ ಎನ್ನುತ್ತಾರೆ, ಕರೆದರೆ ಅವನೂ ಓ ಎನ್ನುತ್ತಾನೆ.

ನಾನಿರುವ ವಸತಿಗೃಹದ ಯಜಮಾನಿ ನೀರು ಕೊಡುವ ಚೊಂಬು ಎಷ್ಟು ಹಗುರ ಎಂದರೆ, ಎತ್ತಿದರೆ ಕೈ ತಾನಾಗಿ ಮೇಲೆ ಹೋಗುತ್ತದೆ. ಕೇಳಿದರೆ, "ವಿಮಾನದ ತಗಡು ಅಪ್ಪಾ. ನಮ್ಮಲ್ಲಿ ಎಲ್ಲರ ಮನೇಲೂ ಇದೆ" ಎಂದಳು. ಈ ಮಾತನ್ನು ನಿನ್ನ ಅತ್ತೆಗೆ ಓದಬೇಡ.

ನಿಮ್ಮ ಮಾವ


ಜುಲೈ 2

ಪೂಜ್ಯ ಮಾವನವರಿಗೆ ಸೊಸೆಯ ನಮಸ್ಕಾರಗಳು.

ಕಾಗದ ತಲುಪಿತು. ಅತ್ತೆಯವರಿಗೆ ಓದಿ ಹೇಳಿದೆ, ನೀವು ಬಿಡು ಎಂದದ್ದನ್ನು ಬಿಟ್ಟೆ. ಆದರೆ ಅವರಿಗೆ ಕಣ್ಣು ಮಂಜಾದಷ್ಟೂ ಕಿವಿ ಚುರುಕಾಗಿದೆ. "ಯಾಕೆ ನಿಲ್ಲಿಸ್ದೆ? ಅಲ್ಲೇನೋ ಬಿಟ್ಟೆ ನೀನು" ಎಂದರು. ಅಕ್ಷರ ಅಳಿಸಿದೆ ಎಂದು ಹೇಳಿದೆ. "ಅವರ ಅಕ್ಷರ ಯಾವತ್ತು ನೆಟ್ಟಗಿತ್ತು" ಎಂದು ಗೊಣಗಿದರು.

ಅವರ ಎರಡೂ ಕಣ್ಣಿನ ಪೊರೆ ಬಲಿತಿದೆ ಮಾವ. ನಾನು ಕೆಲಸ ಮಾಡುವ ಕನ್ನಡಕದ ಅಂಗಡಿಗೆ ಕರೆದುಕೊಂಡು ಹೋಗಿ ತೋರಿಸಿದೆ. ಬೋರ್ಡಿನ ಎಲ್ಲಕ್ಕಿಂತ ದೊಡ್ಡ ಅಕ್ಷರವೂ ಕಾಣಲಿಲ್ಲ. ಆಪರೇಷನ್ ಮಾಡಿಸೋಣ ಎಂದರೆ, "ಅವನು ಬರಲಿ. ಬಂದ ಮೇಲೆ ನೋಡೋದಿದೆ ಅಂದ್ರೆ ಮಾಡಿಸ್ಕೊಳ್ತೀನಿ. ಈಗ ಯಾರನ್ನ ನೋಡೋಕೆ?" ಎನ್ನುತ್ತಾರೆ.

ರಾತ್ರಿ ಬಾಗಿಲ ಚಿಲಕ ಹಾಕಲು ಬಿಡುವುದಿಲ್ಲ. ಎರಡು ಹೆಣ್ಣುಗಳು ಬಾಗಿಲು ತೆರೆದು ಮಲಗುವುದು ಹೇಗೆ? ನಾನು ಬಾಗಿಲಿಗೆ ಅಡ್ಡಲಾಗಿ ಚಾಪೆ ಹಾಸಿಕೊಂಡು ಮಲಗುತ್ತಿದ್ದೇನೆ. ಬಂದವರು ನನ್ನನ್ನು ತುಳಿದುಕೊಂಡೇ ಒಳಗೆ ಬರಬೇಕು.

ನೀವು ಹೋದದ್ದು ಸರಿ. ಯಾರು ಏನೇ ಅಂದರೂ ಸರಿ. ಯಾರಾದರೂ ಒಬ್ಬರು ಹೋಗಲೇಬೇಕಿತ್ತು. ಹುಡುಕಿ ಮಾವ.

ನಿಮ್ಮ ಸೊಸೆ


ಆಗಸ್ಟ್ 20

ಚಿ. ಸೌ. ಸೊಸೆಗೆ ಮಾವನ ಆಶೀರ್ವಾದಗಳು.

ಕಾಗದ ತಡವಾಯಿತು. ಬಲಗಡೆಯ ಕಣಿವೆಯಲ್ಲಿ ಓಡಾಡುತ್ತಿದ್ದೆ. ಇಲ್ಲಿನವರು ಜಾಗಗಳಿಗೆ ಇಟ್ಟಿರುವ ಹೆಸರು ಕೇಳಿದರೆ ನಿನಗೆ ಅರ್ಥವಾದೀತು. ಹಳೇ ವಿಮಾನದ ದಿಬ್ಬ, ಟಪಾಲು ವಿಮಾನದ ಬಂಡೆ, ರೆಕ್ಕೆ ಹಳ್ಳ. ನಮ್ಮ ರೂಟಿನಲ್ಲಿ ಆಲದ ಮರದ ಸ್ಟಾಪು, ಗಿರಣಿ ಸ್ಟಾಪು ಇದ್ದಂತೆ.

ಎಲ್ಲಕ್ಕಿಂತ ಹಳೆಯದು ದೊಡ್ಡ ಯುದ್ಧದ ಕಾಲದ್ದು, ಸರಕು ಸಾಗಿಸುತ್ತಿದ್ದದ್ದು. ಅದರ ಎಂಜಿನ್ನು ಹೊಳೆಯೊಳಗೆ ಕೂತಿದೆ. ರೆಕ್ಕೆಯ ತಗಡಿನ ಮೇಲೆ ಹೆಂಗಸರು ಬಟ್ಟೆ ಒಗೆಯುತ್ತಾರೆ. ಟಪಾಲು ವಿಮಾನ ಬಿದ್ದಾಗ ಕೊಕ್ಕರೆಯ ಅಪ್ಪ ಮೊದಲು ಹೋಗಿ ನೋಡಿದನಂತೆ. ಗುಡ್ಡದ ತುಂಬ ಕಾಗದಗಳು. ಮೇಕೆಗಳು ತಿಂದದ್ದು ತಿಂದು, ಉಳಿದದ್ದನ್ನು ಇವರು ಗೋಣಿಯಲ್ಲಿ ತುಂಬಿ ಪೇಟೆಗೆ ಮುಟ್ಟಿಸಿದರಂತೆ. ಸೈನ್ಯದ ಹೆಲಿಕಾಪ್ಟರ್ ಒಂದು ಬಂಡೆಗೆ ಅಂಟಿಕೊಂಡಂತೆಯೇ ಇದೆ, ಕೆಳಗೆ ಇಳಿಸಲಾಗದೆ ಬಿಟ್ಟಿದ್ದಾರೆ. ಇನ್ನೊಂದು, ಊರಿಂದೂರಿಗೆ ಜನರನ್ನು ಸಾಗಿಸುತ್ತಿದ್ದ ಖಾಸಗಿ ವಿಮಾನ, ಇಪ್ಪತ್ತು ವರ್ಷದ ಹಿಂದೆ ಒಳಗೆ ಹೋದದ್ದು ಎಲ್ಲಿದೆ ಎಂದು ಇಂದಿಗೂ ಯಾರಿಗೂ ಗೊತ್ತಿಲ್ಲ.

ಪ್ರತಿಯೊಂದರ ಹತ್ತಿರ ಹೋದಾಗಲೂ, ಅದು ನಮ್ಮದಲ್ಲ ಎಂದು ಗೊತ್ತಿದ್ದರೂ, ಕೈಯಿಂದ ತಗಡು ಮುಟ್ಟಿ ನೋಡುತ್ತೇನೆ. ಕೊಕ್ಕರೆ ಕೇಳಿದ, "ಏನ್ ನೋಡ್ತೀರಿ ಅಜ್ಜಾರೇ?" ನನಗೂ ಗೊತ್ತಿಲ್ಲ ಎಂದೆ.

ಮೊಣಕಾಲು ಸ್ವಲ್ಪ ಹಿಡಿದುಕೊಂಡಿದೆ, ಅಷ್ಟೇ. ಹಿಮ ಬೀಳುವ ಮೊದಲು ಕೊನೆಯ ಗೋಡೆಯವರೆಗೂ ನೋಡಿಬಿಡಬೇಕು. ಬಾಗಿಲಿಗೆ ಚಿಲಕ ಹಾಕು. ಅತ್ತೆಗೆ ನಾನೇ ಹೇಳಿದೆ ಎಂದು ಹೇಳು.

ನಿಮ್ಮ ಮಾವ


ಸೆಪ್ಟೆಂಬರ್ 15

ಪೂಜ್ಯ ಮಾವನವರಿಗೆ ನಮಸ್ಕಾರಗಳು.

ಚಿಲಕದ ವಿಷಯ ಹೇಳಿದೆ. "ಅವರಿಗೇನು, ಎಲ್ಲೋ ಕೂತು ಹೇಳ್ತಾರೆ" ಎಂದರು. ತೆರೆದೇ ಇದೆ.

ನನ್ನ ಅಣ್ಣ ಬಂದು ಎರಡು ದಿನ ಇದ್ದು ಹೋದ. ಅತ್ತೆಯವರ ಮುಂದೆ ಏನೂ ಹೇಳಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಹೇಳಿದ, "ಇನ್ನೂ ಚಿಕ್ಕ ವಯಸ್ಸು ನಿಂದು. ಹೀಗೇ ಎಷ್ಟು ದಿನ ಬಾಗಿಲು ಕಾಯ್ತೀಯ? ಹೆಂಡ್ತೀನಾ, ಏನು ನೀನು, ಅದಾದ್ರೂ ಗೊತ್ತಾಗ್ಬೇಕಲ್ಲ." ನನಗೆ ಸಿಟ್ಟು ಬಂತು. ಅವನು ತಂದಿದ್ದ ಹಣ್ಣನ್ನು ಅವನ ಚೀಲಕ್ಕೇ ವಾಪಸ್ ಹಾಕಿದೆ. ಆಮೇಲೆ ಬೇಜಾರಾಯಿತು.

ಅಂಗಡಿಯಲ್ಲಿ ಕೆಲಸ ಜಾಸ್ತಿ. ಕನ್ನಡಕದ ಗಾಜು ತಿಕ್ಕುವವರು ಹೊಸಬರೊಬ್ಬರು ಬಂದಿದ್ದಾರೆ. ತಾಯಿಯ ಜೊತೆ ಇರುವವರು. ಅತ್ತೆಯವರ ಕಣ್ಣು ನೋಡಿದ್ದು ಅವರೇ, ಆಸ್ಪತ್ರೆಯಲ್ಲಿ ಅವರಿಗೆ ಗುರುತಿನವರಿದ್ದಾರಂತೆ. ಮಳೆ ಬಂದ ದಿನ ಛತ್ರಿ ಕೊಟ್ಟರು. ನಾನು ಬೇಡ ಎಂದೆ.

ಏನಾದರೂ ಸಿಕ್ಕಿತೇ ಮಾವ? ಏನಾದರೂ.

ನಿಮ್ಮ ಸೊಸೆ


ಅಕ್ಟೋಬರ್ 28

ಚಿ. ಸೌ. ಸೊಸೆಗೆ ಮಾವನ ಆಶೀರ್ವಾದಗಳು.

ಈ ಕಾಗದವನ್ನು ಅತ್ತೆಗೆ ಓದಲೇಬೇಡ. ಮಾವ ಚೆನ್ನಾಗಿದ್ದಾರಂತೆ ಎಂದು ಹೇಳಿ ಮಡಿಚಿಡು.

ತಿಂಗಳ ಮೊದಲಿಗೆ ಗೋಡೆಯ ಬುಡದ ಕಮರಿಯಲ್ಲಿ ಕೊಕ್ಕರೆ ಬಾಲ ಕಂಡ. ವಿಮಾನದ ಬಾಲ, ಪೊದೆಗಳ ನಡುವೆ ಬೆಳ್ಳಗೆ. ಹಗ್ಗ ಕಟ್ಟಿಕೊಂಡು ಇಳಿದೆವು. ಇಳಿಯುವಾಗ ನಮ್ಮ ಹುಡುಗನ ಹೆಸರು ಹಿಡಿದು ಕೂಗುತ್ತಿದ್ದೆನಂತೆ, ಕೊಕ್ಕರೆ ಆಮೇಲೆ ಹೇಳಿದ.

ನಮ್ಮದಲ್ಲ. ಇಪ್ಪತ್ತು ವರ್ಷದ ಹಿಂದೆ ಕಳೆದ ಆ ಖಾಸಗಿ ವಿಮಾನ. ಸೀಟುಗಳು ಎರಡು ಸಾಲಿನಲ್ಲಿ ಇದ್ದ ಹಾಗೆಯೇ ಇದ್ದವು. ಬೆಲ್ಟುಗಳು ಹಾಕಿದ್ದವು ಹಾಕಿದಂತೆಯೇ. ಒಳಗೆ ಗಿಡ ಬೆಳೆದಿತ್ತು. ಇನ್ನೇನು ಬರೆಯಲಿ. ಅಷ್ಟು ವರ್ಷ ತುಂಬಿದ ಬಸ್ಸನ್ನು ನೋಡಿದವನು ನಾನು, ಇಂಥ ಸದ್ದಿಲ್ಲದ ಗಾಡಿಯನ್ನು ನೋಡಿರಲಿಲ್ಲ. ಕೂತು ಅತ್ತುಬಿಟ್ಟೆ. ಅವರಿಗಾಗಿ ಅಲ್ಲ ಮಗಳೇ. ನಮ್ಮ ಹುಡುಗ ಅಲ್ಲವಲ್ಲ ಎಂದು ಅತ್ತೆ. ಸಮಾಧಾನಕ್ಕೋ ಸಂಕಟಕ್ಕೋ ಗೊತ್ತಾಗಲಿಲ್ಲ.

ಸುದ್ದಿ ಕೊಟ್ಟೆವು. ಸತ್ತವರ ಕಡೆಯವರು ಒಬ್ಬೊಬ್ಬರಾಗಿ ಬಂದರು. ಎಷ್ಟೋ ಮನೆಗಳಲ್ಲಿ ಬರುವವರೇ ಉಳಿದಿರಲಿಲ್ಲ. ಒಬ್ಬಾಕೆ, ಶಾಲೆಯ ಟೀಚರ್, ತಲೆ ಅರ್ಧ ಬೆಳ್ಳಗಾದವರು. ಗಂಡ ಆ ವಿಮಾನದಲ್ಲಿದ್ದ. ಕೆಲವು ವರ್ಷ ಕಾದು ಮತ್ತೆ ಮದುವೆಯಾಗಿದ್ದಾರೆ. ಈಗಿನ ಗಂಡನೂ ಜೊತೆಗೆ ಬಂದಿದ್ದರು. ಪಾಪ, ಆತ ಹೆಂಡತಿಯ ಕೈಚೀಲ ಹಿಡಿದುಕೊಂಡು ದೂರದಲ್ಲೇ ನಿಂತಿದ್ದರು, ಹತ್ತಿರ ಬರಲೋ ಬೇಡವೋ ಎಂಬಂತೆ.

ಆಕೆ ವಸತಿಗೃಹದ ಜಗಲಿಯಲ್ಲಿ ನನ್ನ ಪಕ್ಕ ಬಂದು ಕೂತರು. "ನಿಮಗೆ ಸೊಸೆ ಇದಾರಂತೆ" ಎಂದರು. "ಇದಾಳಮ್ಮ" ಎಂದೆ. "ಎಷ್ಟು ವಯಸ್ಸು?" ಹೇಳಿದೆ. ಆಮೇಲೆ ಬಹಳ ಹೊತ್ತು ಮಾತಾಡಿದರು. ಅದನ್ನು ಕಾಗದದಲ್ಲಿ ಬರೆಯಲು ನನ್ನ ಕೈಯಲ್ಲಿ ಆಗುವುದಿಲ್ಲ.

ಛತ್ರಿ ಕೊಟ್ಟವರನ್ನು ಮಳೆಯಲ್ಲಿ ನೆನೆಸಬಾರದು ಮಗಳೇ. ತೆಗೆದುಕೋ.

ನಿಮ್ಮ ಮಾವ


ನವೆಂಬರ್ 17

ಚಿ. ಸೊಸೆಗೆ,

ಕೂತುಕೊಂಡು ಓದು. ಅತ್ತೆಯನ್ನೂ ಪಕ್ಕದಲ್ಲಿ ಕೂರಿಸಿಕೋ.

ನಮ್ಮ ಹುಡುಗ ಸಿಕ್ಕಿದ. ಬಲಗಡೆಯ ಕಣಿವೆಯ ಕೊನೆಗೆ, ಗೋಡೆಯ ಮಗ್ಗುಲಲ್ಲಿ. ಮೋಡದಲ್ಲಿ ದಾರಿ ತಪ್ಪಿ ಹೊಕ್ಕಿದ್ದಾರೆ, ಎಲ್ಲರಂತೆ. ಅವನು ತನ್ನ ಜಾಗದಲ್ಲೇ ಕೂತಿದ್ದ. ಬೆಲ್ಟು ಹಾಕಿಕೊಂಡಿದ್ದ. ಮೈಮೇಲೆ ಒಂದು ಗಾಯವಿರಲಿಲ್ಲ. ಬಡಿದ ಕ್ಷಣಕ್ಕೇ ಪ್ರಾಣ ಹೋಗಿದೆ, ಏನಾಯಿತೆಂದು ತಿಳಿಯುವಷ್ಟು ಹೊತ್ತೂ ಅವನಿಗಿರಲಿಲ್ಲ. ನಿದ್ದೆ ಹೋದವನ ಹಾಗಿದ್ದ. ಚಳಿ ಅವನನ್ನು ಹಾಗೆಯೇ ಕಾಪಾಡಿತ್ತು.

ಹೊತ್ತು ತರುವ ದಾರಿ ಅಲ್ಲ ಅದು. ಅಲ್ಲೇ ಎತ್ತರದ ಜಾಗ ನೋಡಿ ನಾನೂ ಕೊಕ್ಕರೆಯೂ ಮಣ್ಣು ಮಾಡಿದೆವು. ನಾನೇ ಮಾಡಿದೆ. ಅದೊಂದು ತೃಪ್ತಿ.

ಅತ್ತೆಗೆ ಹೇಳು, ಅವನು ನರಳಲಿಲ್ಲ. ಇನ್ನು ಬಾಗಿಲು ಹಾಕಿಕೊಳ್ಳಿ. ಕಣ್ಣಿನ ಆಪರೇಷನ್ ಮಾಡಿಸು. ನಿನ್ನ ಅಣ್ಣ ಹೇಳುವುದನ್ನು ಕೇಳು. ಯಾರ ಮುಲಾಜೂ ಬೇಡ, ನನ್ನದಂತೂ ಬೇಡವೇ ಬೇಡ.

ನಿಮ್ಮ ಮಾವ


ಡಿಸೆಂಬರ್ 11

ಪೂಜ್ಯ ಮಾವನವರಿಗೆ,

ಕಾಗದ ಬಿಚ್ಚಿದೊಡನೆ ಮೊದಲ ಸಾಲಿನಲ್ಲೇ ತಿಳಿಯಿತು. ನನ್ನ ಮುಂದೆ 'ಸೌ.' ಇರಲಿಲ್ಲ. ಎರಡು ಅಕ್ಷರದಷ್ಟೂ ಇಲ್ಲದ್ದು, ಅದರ ಜಾಗ ಎಷ್ಟು ದೊಡ್ಡದಾಗಿ ಖಾಲಿ ಕಂಡಿತು ಮಾವ.

ಅತ್ತೆಯವರಿಗೆ ಒಂದು ಅಕ್ಷರ ಬಿಡದೆ ಓದಿದೆ. ಕೂಗುತ್ತಾರೆ, ಎದೆ ಬಡಿದುಕೊಳ್ಳುತ್ತಾರೆ ಎಂದು ಪಕ್ಕದ ಮನೆಯಾಕೆಯನ್ನು ಕರೆದು ಕೂರಿಸಿಕೊಂಡಿದ್ದೆ. ಕೂಗಲಿಲ್ಲ. "ನರಳಲಿಲ್ಲ ಅಂತ ಇರೋದನ್ನ ಇನ್ನೊಂದ್ಸಲ ಓದು" ಎಂದರು. ಓದಿದೆ. "ಇನ್ನೊಂದ್ಸಲ" ಎಂದರು. ಆ ಸಂಜೆ ತಾವೇ ಎದ್ದು, ಗೋಡೆ ಹಿಡಿದುಕೊಂಡು ಹೋಗಿ, ತಡವರಿಸಿ ಚಿಲಕ ಹಾಕಿದರು. ಆಮೇಲೆ ನನ್ನ ತಲೆಯನ್ನು ಮಡಿಲಿಗೆ ಎಳೆದುಕೊಂಡು ಇಬ್ಬರೂ ಅತ್ತೆವು. ಇಷ್ಟು ತಿಂಗಳಲ್ಲಿ ಒಟ್ಟಿಗೆ ಅತ್ತದ್ದು ಅದೇ ಮೊದಲು. ಒಬ್ಬರಿಗೊಬ್ಬರು ಹೆದರಿ ಬೇರೆ ಬೇರೆ ಅಳುತ್ತಿದ್ದೆವು.

ಕ್ಯಾಂಪಿನವರಿಗೆ ತಿಳಿಸಿದಿರಾ? ಅವರಿಂದ ಇಲ್ಲಿಗೆ ಯಾರೂ ಬಂದಿಲ್ಲ. ಮತ್ತೆ ಎಲ್ಲ ಮುಗಿದ ಮೇಲೆ ನೀವು ಅಲ್ಲಿ ಯಾಕಿದ್ದೀರಿ? ಬನ್ನಿ ಮಾವ.

ನಿಮ್ಮ ಸೊಸೆ


ಜನವರಿ 6

ಚಿ. ಸೊಸೆಗೆ ಆಶೀರ್ವಾದಗಳು.

ತಿಳಿಸಿದ್ದೇನೆ. ಸರ್ಕಾರದ ಕೆಲಸ, ಹತ್ತು ಮೇಜು ದಾಟಬೇಕು. ಹಿಮ ಬಿದ್ದು ಬಸ್ಸಿನ ದಾರಿ ಮುಚ್ಚಿದೆ, ಈಗ ಬರಲಾಗುವುದಿಲ್ಲ. ವಸತಿಗೃಹದ ಯಜಮಾನಿಗೆ ಕಟ್ಟಿಗೆ ಒಡೆದುಕೊಟ್ಟುಕೊಂಡು ಇದ್ದೇನೆ. ನಿನ್ನ ಅಣ್ಣನ ಕಾಗದ ಬಂತು. ಗಾಜು ತಿಕ್ಕುವವರ ಮನೆಯವರು ಬಂದು ಕೇಳಿದ್ದಾರಂತೆ, ನೀನು ಇಲ್ಲ ಎನ್ನಲಿಲ್ಲವಂತೆ. ಓದಿ ಸಂತೋಷವಾಯಿತು. ನಿಜವಾಗಿ ಆಯಿತು.

ನಿಮ್ಮ ಮಾವ


ಏಪ್ರಿಲ್ 12

ಮಾವನವರಿಗೆ,

ನಿನ್ನೆ ಕ್ಯಾಂಪಿನಿಂದ ಇಬ್ಬರು ಬಂದಿದ್ದರು. ಹೋದ ವರ್ಷ ಹುಡುಕಾಟ ನಿಲ್ಲಿಸಿದ್ದೇವೆ ಎಂದು ಹೇಳಲು ಬಂದಿದ್ದವರೇ. ಅದೇ ಕುರ್ಚಿಗಳಲ್ಲಿ ಕೂತರು. ಅತ್ತೆಯವರಿಗೆ ಆಪರೇಷನ್ ಆಗಿ ವಾರವಾಗಿಲ್ಲ, ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಒಳಕೋಣೆಯಲ್ಲಿ ಮಲಗಿದ್ದರು. "ಯಾರೇ ಅದು?" ಎಂದು ಕೂಗಿದರು. "ಅಂಗಡಿಯವರು ಅತ್ತೆ" ಎಂದೆ.

ರೋಗಿಯನ್ನು ಕರೆತರುತ್ತಿದ್ದ ಒಂದು ಸಣ್ಣ ವಿಮಾನ ಈ ಮಾರ್ಚಿನಲ್ಲಿ ಕಳೆಯಿತಂತೆ. ಅದನ್ನು ಹುಡುಕಲು ಹೋದ ಹೆಲಿಕಾಪ್ಟರಿಗೆ ನಮ್ಮದು ಕಂಡಿತಂತೆ. ಎಡಗಡೆಯ ಕಣಿವೆಯಲ್ಲಿ. ದಾರಿ ತಪ್ಪಿರಲಿಲ್ಲ ಎಂದರು. ಸರಿಯಾದ ದಾರಿಯಲ್ಲೇ ಹೋಗುತ್ತಿದ್ದರು, ರೆಕ್ಕೆಗೆ ಹಿಮ ಕಟ್ಟಿ ಇಳಿದುಬಿಟ್ಟಿತು. ಎಲ್ಲ ವಿಮಾನಗಳೂ ಬಲಕ್ಕೆ ಹೋಗಿ ಬೀಳುತ್ತವೆಂದು ಎಲ್ಲರೂ ಬಲಕ್ಕೇ ಹುಡುಕಿದರು.

ಚಿಕ್ಕವನು ನೆಲ ನೋಡುತ್ತಾ ಹೇಳಿದ, "ಅಕ್ಕಾ, ಆರು ಜನ ಆಗಲೇ ಹೋಗಿದ್ರು. ಇಬ್ರು ಸ್ವಲ್ಪ ದಿನ ಇದ್ರು." ಸ್ವಲ್ಪ ದಿನ ಎಂದರೆ ಎಷ್ಟು ಎಂದು ಕೇಳಿದೆ. ದೊಡ್ಡವನು ಅವನ ಕೈ ಮುಟ್ಟಿದ. ನಾನು ಬಿಡಲಿಲ್ಲ. ನಾವು ಹುಡುಕಾಟ ನಿಲ್ಲಿಸಿದ ಮೇಲೂ ಒಬ್ಬರು ಇದ್ದರು, ನಿಮ್ಮ ಯಜಮಾನರೇ, ಎಂದ ಚಿಕ್ಕವನು.

ಮಾವ, ಅವತ್ತು ಇವರಿಬ್ಬರೂ ಬಂದಾಗ ನಾನು ಚಹಾ ಮಾಡಿ ಕೊಟ್ಟಿದ್ದೆ. ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ ಎಂದು ಹೇಳಿ ಕಳಿಸಿದ್ದೆ. ಆ ಹೊತ್ತಿಗೆ ಅವರು ಅಲ್ಲಿ ಬದುಕಿದ್ದರು.

ಹೋಗುವಾಗ ದೊಡ್ಡವನು, "ನಿಮ್ಮ ಮಾವನವರು ಬಂದು ಗುರುತು ಹಿಡಿದರು. ಎಲ್ಲ ಅವರೇ ಬರೆದಿರಬೇಕಲ್ಲ" ಎಂದ.

ನವೆಂಬರಿನಲ್ಲಿ ನೀವು ಮಣ್ಣು ಮಾಡಿದ್ದು ಯಾರನ್ನು?


ಏಪ್ರಿಲ್ 24

ಮಗಳೇ,

ಯಾರನ್ನೂ ಇಲ್ಲ.

ಆ ಟೀಚರ್ ಹೇಳಿದ್ದನ್ನು ಈಗ ಬರೆಯುತ್ತೇನೆ. ಆಕೆ ಅಂದರು: "ಮೊದಲೆಲ್ಲ ಬರ್ಲಿ ಬರ್ಲಿ ಅಂತ ಬೇಡ್ಕೊಳ್ತಿದ್ದೆ. ಎರಡನೇ ಮದುವೆ ಆದ್ಮೇಲೆ ಗೇಟು ಸದ್ದಾದ್ರೆ ಸಾಕು, ಅಯ್ಯೋ ಬಂದ್ಬಿಟ್ನಾ ಅಂತ ಹೆದರ್ತಿದ್ದೆ. ಬರಬೇಡಪ್ಪಾ ಅಂತ ಬೇಡ್ಕೊಂಡೆ. ನಾನೇ, ಇದೇ ಬಾಯಲ್ಲಿ. ಸತ್ತಿದಾನೆ ಅಂತ ಒಬ್ರು ಬಂದು ಗಟ್ಟಿಯಾಗಿ ಹೇಳಿದ್ದಿದ್ರೆ ಅವನನ್ನ ಪ್ರೀತಿಯಿಂದ ಕಳಿಸಿಕೊಡ್ತಿದ್ದೆ. ನಿಮ್ಮ ಸೊಸೆಗೆ ಹಾಗೆ ಮಾಡ್ಬೇಡಿ." ಹೇಳಿ ಎದ್ದು ಹೋದರು.

ಗಟ್ಟಿಯಾಗಿ ಹೇಳಲು ನನ್ನ ಹತ್ತಿರ ಏನಿತ್ತು? ಆ ಹಳೆಯ ವಿಮಾನದಲ್ಲಿ ಕಂಡದ್ದನ್ನೇ ನಮ್ಮ ಹುಡುಗನಿಗೆ ಹೊಂದಿಸಿ ಬರೆದೆ. ಸೀಟು, ಬೆಲ್ಟು ಎಲ್ಲ ಅಲ್ಲಿಯದೇ. ನಿದ್ದೆ ಹೋದವನ ಹಾಗೆ ಎಂಬುದೊಂದು ನನ್ನದು. ಬರೆದು ಟಪಾಲಿಗೆ ಹಾಕಿ, ಮಾರನೆಯ ದಿನ ಮತ್ತೆ ಹುಡುಕಲು ಹೋದೆ. ಬಲಕ್ಕೇ ಹೋದೆ.

ಮಾರ್ಚಿನ ಕೊನೆಗೆ ಕರೆದರು. ಹೋಗಿ ನೋಡಿದೆ. ನೀನು ಕೇಳಿದ್ದೀಯೆಂದು ಬರೆಯುತ್ತೇನೆ, ಇದು ಸುಳ್ಳಲ್ಲ. ಅವನ ಎಡಗಾಲು ಮುರಿದಿತ್ತು. ಕಬ್ಬಿಣದ ಸಲಾಕೆ ಇಟ್ಟು ಬಟ್ಟೆಯಲ್ಲಿ ಕಟ್ಟಿಕೊಂಡಿದ್ದ. ಠಾಣೆಗಳಿಗೆ ಒಯ್ಯುತ್ತಿದ್ದ ಡಬ್ಬಿಗಳು ರಾಶಿ ಬಿದ್ದಿದ್ದವು, ಊಟಕ್ಕೆ ಕೊರತೆ ಇರಲಿಲ್ಲ. ಪ್ಯಾರಾಶೂಟಿನ ಬಟ್ಟೆಯನ್ನು ಮೇಲಿನವರಿಗೆ ಕಾಣಲೆಂದು ಬಂಡೆಗಳ ಮೇಲೆ ಹಾಸಿ ಅಂಚಿಗೆ ಕಲ್ಲು ಹೇರಿದ್ದ. ಬಿಳಿ ಬಟ್ಟೆ ಮಗಳೇ, ಹಿಮದ ಮೇಲೆ. ಅವನ ಹತ್ತಿರ ಇದ್ದದ್ದು ಅದೊಂದೇ.

ಜೊತೆಗೆ ಉಳಿದಿದ್ದವನು ಪೈಲಟ್. ಅವನು ಮೊದಲು ಹೋಗಿದ್ದಾನೆ. ಆ ಮುರಿದ ಕಾಲಿನಲ್ಲೇ ನಮ್ಮ ಹುಡುಗ ಅವನನ್ನು ಹೊರಗೆ ಎಳೆದು, ಕಲ್ಲು ಹೊತ್ತು ತಂದು, ಮೈಪೂರ್ತಿ ಮುಚ್ಚಿದ್ದಾನೆ. ಇವನನ್ನು ಮುಚ್ಚಲು ಯಾರೂ ಇರಲಿಲ್ಲ.

ಫೆಬ್ರವರಿಯಲ್ಲೇ ಬರುತ್ತೇನೆ ಎಂದು ನಾನು ಹಟ ಮಾಡಿದ್ದು ನಿನಗೆ ನೆನಪಿರಬಹುದು. ನಾವು ಹುಡುಕ್ತಿದೀವಿ, ನೀವು ಬಂದು ಏನು ಮಾಡ್ತೀರಿ ಎಂದರು. ಸರಿ ಎಂದು ಮನೆಯಲ್ಲಿ ಕೂತೆ.

ಅವನನ್ನು ಕ್ಯಾಂಪಿನ ಹಿಂದೆ ಎಲ್ಲರ ಜೊತೆ ಮಣ್ಣು ಮಾಡಿದರು. ಈ ಸಲ ನಾನು ಕೈ ಹಾಕಲಿಲ್ಲ, ನಿಂತು ನೋಡಿದೆ. ನಿನಗೆ ಬರೆಯಬೇಕೆಂದು ದಿನವೂ ಕೂತೆ. ಯಾವ ಸುಳ್ಳು ಬರೆದರೆ ಮೊದಲಿನ ಸುಳ್ಳು ಉಳಿಯುತ್ತದೆ ಎಂದು ಯೋಚಿಸುತ್ತಾ ಕೂತೆ.

ನನಗೆ ಬೈದು ಒಂದು ಕಾಗದ ಬರೆ.

ನಿಮ್ಮ ಮಾವ


ಮೇ 10

ಮಾವ,

ಬೈಯಬೇಕೆಂದೇ ಕೂತೆ. ಆಗಲಿಲ್ಲ.

ನನಗೆ ಡಿಸೆಂಬರಿನಲ್ಲೇ ಗೊತ್ತಿತ್ತು. ವಿಮಾನದಲ್ಲಿ ಎಂಟು ಜನ. ಅವರಲ್ಲಿ ಇನ್ನಿಬ್ಬರು ನಮ್ಮೂರಿನವರೇ, ಪೇಟೆಯ ಆಚೆ ತುದಿಯಲ್ಲಿ ಒಂದು ಮನೆ, ರೈಲು ನಿಲ್ದಾಣದ ಹಿಂದೆ ಇನ್ನೊಂದು ಮನೆ. ಆ ಹೆಂಗಸರು ಅಂಗಡಿಯ ಮುಂದೆಯೇ ಓಡಾಡುತ್ತಾರೆ. ಅವರಿಗೆ ಯಾರೂ ಏನೂ ಹೇಳಿರಲಿಲ್ಲ. ನಮ್ಮೊಬ್ಬರಿಗೇ ಸಿಕ್ಕಿದರು ಎಂದರೆ ಹೇಗೆ? ಒಂದು ಸಲ ನಿಮ್ಮನ್ನು ಕೇಳಿದೆ. ಹತ್ತು ಮೇಜು ಎಂದು ಬರೆದಿರಿ. ಮತ್ತೆ ಕೇಳಲಿಲ್ಲ. ಕೇಳಿದರೆ ನಿಜ ಬರೆದುಬಿಡುತ್ತೀರಿ ಎಂದು ಕೇಳಲಿಲ್ಲ. ರೈಲು ನಿಲ್ದಾಣದ ಹಿಂದಿನಾಕೆ ಎದುರಿಗೆ ಬಂದರೆ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಿದ್ದೆ.

ಆ ನಾಲ್ಕು ತಿಂಗಳು ನಾನು ಸುಖವಾಗಿದ್ದೆ ಮಾವ. ಅಂಗಡಿಯಲ್ಲಿ ನಕ್ಕಿದ್ದೇನೆ. ಒಂದು ದಿನ ಕನ್ನಡಿಯ ಮುಂದೆ ನಿಂತು ಒಂದೊಂದೇ ಕನ್ನಡಕ ಹಾಕಿ ನೋಡಿಕೊಂಡು ನಾನೂ ಗಾಜು ತಿಕ್ಕುವವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದೆವು. ಈಗ ಅದನ್ನು ಎಲ್ಲಿ ಇಡಲಿ? ಅಣ್ಣನಿಗೆ ಮದುವೆ ಬೇಡವೆಂದು ಬರೆದೆ. ಅವರಿಗೂ ಹೇಳಿದೆ. ಯಾಕೆ ಎಂದು ಕೇಳಿದರು. ಅವರು ಒಳ್ಳೆಯವರು, ಅದಕ್ಕೇ ಏನೂ ಹೇಳಲಾಗಲಿಲ್ಲ. ಬೇರೆ ಅಂಗಡಿಗೆ ಹೋಗಿಬಿಟ್ಟರು.

ಮಲಗಿದರೆ ಆ ಬಿಳಿ ಬಟ್ಟೆ ಕಾಣುತ್ತದೆ. ಕುಂಟಿಕೊಂಡು ಹೋಗಿ ಅಂಚಿಗೆ ಕಲ್ಲು ಇಡುವುದು ಕಾಣುತ್ತದೆ.

ಅತ್ತೆಯವರ ಪಟ್ಟಿ ಬಿಚ್ಚಿದ್ದಾರೆ. ಕಣ್ಣು ಚೆನ್ನಾಗಿ ಕಾಣುತ್ತಿದೆ. ಇನ್ನು ನಿಮ್ಮ ಕಾಗದಗಳನ್ನು ಅವರೇ ಓದಿಕೊಳ್ಳುತ್ತಾರೆ. ಆದ್ದರಿಂದ ಏಪ್ರಿಲಿನದನ್ನು ಒಲೆಗೆ ಹಾಕಿದೆ. ನವೆಂಬರಿನದನ್ನು ಅವರೇ ಕೇಳಿ ತೆಗೆದುಕೊಂಡರು, ದಿಂಬಿನ ಕೆಳಗೆ ಇಟ್ಟುಕೊಂಡಿದ್ದಾರೆ. ಇನ್ನು ಮೇಲೆ ಏನೂ ಬರೆಯಬೇಡಿ. ಮನೆಗೆ ಬನ್ನಿ. ನಿಮಗೂ ಅಲ್ಲಿ ಯಾರಿದ್ದಾರೆ.

ನೀವು ಬಂದ ಕೂಡಲೇ ಅವರು ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲವನ್ನೂ ಮೊದಲಿಂದ ಕೇಳುತ್ತಾರೆ. ನಿಮ್ಮ ಮುಖ ನೋಡುತ್ತಾ ಕೇಳುತ್ತಾರೆ, ಈಗ ಕಣ್ಣಿದೆ. ಕಾಗದದಲ್ಲಿ ಇರುವಂತೆಯೇ ಹೇಳಿ, ಒಂದು ಮಾತು ಹೆಚ್ಚು ಬೇಡ. "ಅವನ ಕಣ್ಣು ಮುಚ್ಚಿತ್ತಾ?" ಎಂದು ನನ್ನನ್ನು ದಿನಾ ಕೇಳುತ್ತಿದ್ದಾರೆ. ನೀವು ಅದನ್ನು ಬರೆದಿರಲಿಲ್ಲ. ಮುಚ್ಚಿತ್ತಂತೆ ಎಂದು ಹೇಳಿದ್ದೇನೆ. ನೀವೂ ಹಾಗೇ ಹೇಳಿ.

ನಿಮ್ಮ ಸೊಸೆ